ಇಳಕಲ್ ಕಾಕಾನ ಪಟ್ಟೆಮೀನುಗಳು

ಅನುಮಾನ ಪಡುವುದೇ ನನ್ನ ಹೊಟ್ಟೆಪಾಡು. ಅಪಘಾತವಾದ ಗಾಡಿಗಳನ್ನು ನೋಡಿ, ವಿಮೆ ಕೊಡಬೇಕೋ ಬೇಡವೋ ಎಂದು ವರದಿ ಬರೆಯುವ ಸರ್ವೇಯರ್ ನಾನು. ಬಾಗಲಕೋಟೆಯಿಂದ ಹುನಗುಂದ, ಇಳಕಲ್‌ವರೆಗಿನ ರಸ್ತೆಯಲ್ಲಿ ಲಾರಿ ಪಲ್ಟಿಯಾಗಿ "ಎಮ್ಮಿ ಅಡ್ಡ ಬಂತ್ರಿ ಮೇಡಂ" ಎಂದು ಡ್ರೈವರ್ ಹೇಳಿದರೆ, ನಾನು ಮೊದಲು ಅಲ್ಲೆಲ್ಲಾದರೂ ಸಗಣಿ ಬಿದ್ದಿದೆಯೇ ಎಂದು ನೋಡುತ್ತೇನೆ. ತಗಡಿನ ಮೇಲಿನ ತಗ್ಗು ಇವತ್ತಿನದೋ ಹೋದ ವರ್ಷದ್ದೋ ಎಂಬುದನ್ನು ತುಕ್ಕಿನ ಬಣ್ಣ ಹೇಳುತ್ತದೆ. ಹಳೆಯ ಗಾಯವನ್ನು ಹೊಸದೆಂದು ತೋರಿಸುವ ಜನರ ನಡುವೆ ಇಷ್ಟು ವರ್ಷ ಓಡಾಡಿದ ಮೇಲೆ, ಯಾರಾದರೂ ಸುಮ್ಮನೆ ನಕ್ಕರೂ ಯಾಕೆ ನಕ್ಕರು ಎಂದು ಯೋಚಿಸುವುದು ರೂಢಿಯಾಗಿಬಿಟ್ಟಿದೆ.

ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಗೆ ನಾನು ಹೋದದ್ದೂ ಅಂಥದೇ ಕೆಲಸಕ್ಕೆ. ಕಲ್ಲು ಎತ್ತುವ ಗಾಡಿಯೊಂದು ಗೋಡೆಗೆ ಗುದ್ದಿತ್ತು. ಫೋಟೋ ತೆಗೆದು, ಕಾಗದಪತ್ರ ನೋಡಲೆಂದು ಆಫೀಸಿನೊಳಗೆ ಹೋದಾಗ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ ಕಂಡಿತು. ಕಾರ್ಖಾನೆಯ ಆಫೀಸುಗಳಲ್ಲಿ ಸಾಮಾನ್ಯವಾಗಿ ಇಡುವುದು ಬಂಗಾರದ ಬಣ್ಣದ ಮೀನು. ಇಲ್ಲಿ ತೊಟ್ಟಿ ಖಾಲಿ ಇದ್ದಂತೆ ಕಾಣುತ್ತಿತ್ತು. ಬಗ್ಗಿ ನೋಡಿದೆ. ಕಲ್ಲಿನ ಸಂದಿಯಿಂದ ಒಂದು ಚಪ್ಪಟೆ ತಲೆ ಹೊರಗೆ ಬಂದಿತ್ತು. ಕಪ್ಪು ಬಿಳುಪಿನ ಪಟ್ಟೆ, ಎರಡು ಉಬ್ಬಿದ ಕಣ್ಣು. ದಕ್ಷಿಣ ಅಮೆರಿಕದ ಹೊಳೆಯೊಂದರ ಬೆಕ್ಕುಮೀನು ಅದು. ಮೀನು ಸಾಕುವವರು ಪ್ಲೆಕೊ ಎನ್ನುತ್ತಾರೆ. ಬಾಯಿಯನ್ನು ಕಲ್ಲಿಗೆ ಅಂಟಿಸಿಕೊಂಡು ಬದುಕುವ ಜಾತಿ. ಮನುಷ್ಯರ ಮನೆಯಲ್ಲಿ ಮರಿ ಮಾಡುವುದು ಅಪರೂಪ. ನಾನು ಅದನ್ನು ಫೋನಿನಲ್ಲಿ ಬಿಟ್ಟರೆ ಕಣ್ಣಾರೆ ಕಂಡಿರಲಿಲ್ಲ.

"ಗಾಜು ಬಡೀಬ್ಯಾಡ್ರಿ ಮೇಡಮ್ಮಾರ, ಅವು ಹೆದರ್ತಾವ" ಎಂದರು ಹಿಂದಿನಿಂದ ಯಾರೋ. ಬಿಳಿ ಧೋತರ, ತಲೆಯ ಮೇಲೆ ಟೊಪ್ಪಿಗೆ, ಎಪ್ಪತ್ತು ದಾಟಿದ ಹಿರಿಯರು. ಆ ಕಾರ್ಖಾನೆ ಮೊದಲು ಅವರದೇ ಆಗಿತ್ತಂತೆ. ಮಾರಿದ ಮೇಲೂ ಮುಂಜಾನೆ ಬಂದು ಕೂಡುತ್ತಾರೆ ಎಂದು ಗುಮಾಸ್ತ ಹೇಳಿದ.

"ಬಡಿಯೂದಿಲ್ರಿ ಕಾಕಾರ. ಇವು ಪ್ಲೆಕೊ ಅಲ್ಲೇನ್ರಿ?"

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನಿಮಗ ಹೆಂಗ ಗೊತ್ತು?" ಆ ಧ್ವನಿಯಲ್ಲಿ ಖುಷಿಗಿಂತ ಸಂಶಯ ಹೆಚ್ಚಿತ್ತು.

ಪಾಲಿಟೆಕ್ನಿಕ್ಕಿನ ಹಾಸ್ಟೆಲ್ ದಿನಗಳಿಂದ ಮೀನು ಸಾಕುತ್ತಿದ್ದೇನೆ, ಸಣ್ಣ ಜಾತಿಯ ಬೆಕ್ಕುಮೀನುಗಳನ್ನು ಮರಿ ಮಾಡಿಸಿದ್ದೇನೆ ಎಂದೆ. ಯಾವ ನೀರು, ಯಾವ ತಿಂಡಿ, ತತ್ತಿಗೆ ಬೂಸ್ಟು ಹತ್ತಿದರೆ ಏನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಗುದ್ದಿದ ಗಾಡಿಯ ಬಗ್ಗೆ ನಾನು ಡ್ರೈವರನನ್ನು ಕೇಳಿದ ರೀತಿಯಲ್ಲೇ. ಕೊನೆಗೆ, "ಇವು ನಮ್ಮ ಮನ್ಯಾಗ ಹುಟ್ಟಿದ ಮರಿ ಅದಾವ. ಮೂರು ವರ್ಷದ್ದು. ಈಗ ತತ್ತಿ ಇಡೂ ವಯಸ್ಸು. ಇಲ್ಲಿ ಜಾಗಾ ಸಾಲೂದಿಲ್ಲ. ದೊಡ್ಡ ಟಾಕಿ ಕಟ್ಟತೀರಿ ಅಂದ್ರ ಐದೂ ಕೊಡ್ತೇನಿ" ಎಂದರು. ಅವರು ಹೇಳಿದ ಬೆಲೆ ತೀರ ಕಡಿಮೆ. ಹೊಸದರಂತೆ ಕಾಣುವ ಕಾರನ್ನು ಯಾರಾದರೂ ಅಷ್ಟು ಅಗ್ಗಕ್ಕೆ ಕೊಡುತ್ತೇನೆಂದರೆ ನಾನು ಎಂಜಿನ್ ಬಿಚ್ಚಿಸದೆ ಬಿಡುವವಳಲ್ಲ.

"ಇವತ್ತ ಒಯ್ಯಲೇನ್ರಿ?"

"ಇಲ್ಲ ಇಲ್ಲ. ಮೊದ್ಲ ನಾ ಬಂದು ಟಾಕಿ ನೋಡ್ತೇನಿ. ಆಮ್ಯಾಲ ಮೀನ."

ಮಾರುವವನು ಕೊಳ್ಳುವವರ ಮನೆಯನ್ನು ಪರೀಕ್ಷೆ ಮಾಡುವುದನ್ನು ನಾನು ಅವತ್ತೇ ಮೊದಲು ಕಂಡದ್ದು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಹುನಗುಂದ ದಾಟುವವರೆಗೂ ಇದರಲ್ಲಿ ಏನೋ ಇದೆ ಎಂದುಕೊಂಡೆ. ಅಮೀನಗಡ ಬರುವಷ್ಟರಲ್ಲಿ ಮನಸ್ಸು ತೊಟ್ಟಿಯ ಅಳತೆ ಹಾಕತೊಡಗಿತ್ತು.

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಅವ್ವ. ಹಿಂದಿನ ಕೋಣೆ ಜೋಳದ ಚೀಲ, ಹಳೆಯ ಟ್ರಂಕು ಇಡುವುದಕ್ಕಿತ್ತು. ಅದನ್ನು ಖಾಲಿ ಮಾಡಿಸಿ ನೆಲ ಅಗೆಸಲು ಆಳು ಕರೆಸಿದಾಗ ಅವ್ವ ಬಾಗಿಲಿಗೆ ಬಂದು ನಿಂತಳು.

"ಮನಿಯೊಳಗ ಬಾವಿ ತೋಡಾಕತ್ತಿಯೇನು?"

"ಮೀನಿನ ಟಾಕಿ ಅವ್ವಾ. ಕೆಳಗ ಎರಿ ಮಣ್ಣೈತಿ. ಹಂಗ ಇಟ್ರ ಮಳಿಗಾಲದಾಗ ನೆಲ ಉಬ್ಬಿ ಗಾಜು ಸೀಳ್ತೈತಿ."

ಅವ್ವ ಸ್ವಲ್ಪ ಹೊತ್ತು ಆ ಕಪ್ಪು ಮಣ್ಣನ್ನೇ ನೋಡಿದಳು. ಹಳೆಯ ಬಾಗಲಕೋಟೆಯಲ್ಲಿ ಅವಳು ಮದುವೆಯಾಗಿ ಬಂದ ಮನೆ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. "ನೀರು ಒಂದ್ ಮನಿ ಕಸಗೊಂಡೈತಿ. ನೀ ಮತ್ತ ನೀರನ್ನ ಮನಿಯೊಳಗ ಕರ್ಕೊಂಡ ಬರ್ತಿ" ಎಂದು ಹೇಳಿ ಒಳಗೆ ಹೋದಳು. ಮಣ್ಣು ತೆಗೆಸಿ, ಗರಸು ತುಂಬಿಸಿ, ಮೇಲೆ ಕಾಂಕ್ರೀಟು ಹಾಕಿಸಿದೆ. ನೀರು ತುಂಬಿದ ಮೇಲೆ ತೊಟ್ಟಿಯ ತೂಕ ಒಂದು ಕಾರಿನ ತೂಕದ ಹತ್ತಿರ ಬರುತ್ತಿತ್ತು.

ಜನ ತೊಟ್ಟಿ ಎಂದರೆ ಎತ್ತರ ಮಾಡಿಸುತ್ತಾರೆ, ನೋಡಲು ಚೆಂದ ಎಂದು. ಈ ಮೀನುಗಳು ಈಜುವುದೇ ಕಡಿಮೆ, ತಳದಲ್ಲೇ ಬದುಕು. ಅವಕ್ಕೆ ಬೇಕಾದದ್ದು ಉದ್ದ, ಅಗಲ ಮತ್ತು ಹರಿಯುವ ನೀರು. ಹೀಗಾಗಿ ಗೋಡೆಯಿಂದ ಗೋಡೆಗೆ ಹೋಗುವಷ್ಟು ಉದ್ದ, ಮೊಣಕಾಲಿನಷ್ಟೇ ಎತ್ತರದ ತೊಟ್ಟಿ ಮಾಡಿಸಿದೆ. ಗಾಜಿನ ಅಂಗಡಿಯವನು ಎರಡು ಸಲ ಫೋನ್ ಮಾಡಿ, "ಅಳತಿ ಉಲ್ಟಾ ಬರದೀರೇನ್ರಿ?" ಎಂದು ಕೇಳಿದ. ಒಂದು ತುದಿಯಲ್ಲಿ ಎರಡು ಪಂಪು, ಇನ್ನೊಂದು ತುದಿಯಲ್ಲಿ ನೀರನ್ನು ಎಳೆದುಕೊಳ್ಳುವ ಸ್ಪಾಂಜಿನ ಫಿಲ್ಟರು. ತೊಟ್ಟಿಯ ತಳದುದ್ದಕ್ಕೂ ನೀರು ಸಣ್ಣ ಹಳ್ಳದಂತೆ ಹರಿಯಬೇಕು. ನಮ್ಮ ಬೋರಿನ ನೀರು ಗಡಸು, ಕೊಡದ ತಳದಲ್ಲಿ ಬಿಳಿ ಪದರು ಕಟ್ಟುವಂಥದ್ದು. ಈ ಮೀನುಗಳಿಗೆ ಮೆತ್ತನೆಯ ನೀರು ಬೇಕು. ಶುದ್ಧೀಕರಣದ ಮಷಿನಿಗೆ ಒಂದು ಡ್ರಮ್ಮು, ಮಾಳಿಗೆಯ ಮೇಲಿನ ಮಳೆನೀರಿಗೆ ಇನ್ನೊಂದು ಡ್ರಮ್ಮು ಇಟ್ಟೆ. ಕಿಟಕಿಗೆ ದಪ್ಪ ಪರದೆ ಹಾಕಿದೆ, ಇವು ಕತ್ತಲೆಯ ಜೀವಿಗಳು. ಡ್ರಮ್ಮುಗಳು ಬಂದು, ಕಿಟಕಿ ಮುಚ್ಚಿ, ದಿನವಿಡೀ ಮೋಟರಿನ ಸದ್ದು ಬರತೊಡಗಿದಾಗ ಎದುರುಮನೆಯವರು ಅವ್ವನನ್ನು, "ಒಳಗ ಏನ್ ಧಂಧಾ ನಡದೈತ್ರಿ?" ಎಂದು ಕೇಳಿದರಂತೆ. ಅವ್ವ, "ನನಗೂ ಹೇಳಿಲ್ರಿ" ಎಂದಳಂತೆ.

ಕಲ್ಲುಗಳನ್ನು ಕಾಕಾ ಕಳಿಸಿದರು. ಒಂದು ಟಂಟಂ ರಿಕ್ಷಾ ತುಂಬ ಕೆಂಪು ಗ್ರಾನೈಟಿನ ತುಂಡು, ಕೆಲವು ಕಪ್ಪು. ಕೇಳದೆ ಬಂದ ವಸ್ತು ಎಂದರೆ ನನಗೆ ಇನ್ನಷ್ಟು ಅನುಮಾನ. ನಮ್ಮ ಜಿಲ್ಲೆಯಲ್ಲಿ ಸುಣ್ಣದ ಕಲ್ಲಿಗೆ ಬರವಿಲ್ಲ. ಅದರ ಒಂದು ತುಂಡು ಒಳಗೆ ಹೋದರೂ ದಿನದಿನಕ್ಕೆ ನೀರು ಗಡಸಾಗುತ್ತ ಹೋಗುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಅಂಗಳದಲ್ಲಿ ಎಲ್ಲ ಕಲ್ಲನ್ನೂ ಸಾಲಾಗಿ ಇಟ್ಟು ಒಂದೊಂದರ ಮೇಲೂ ಲಿಂಬೆರಸ ಹಿಂಡಿದೆ. ಸುಣ್ಣವಿದ್ದರೆ ನೊರೆ ಏಳುತ್ತದೆ. ಅವ್ವ ಕಟ್ಟೆಯ ಮೇಲಿಂದ ನೋಡುತ್ತಿದ್ದಳು.

"ಕಲ್ಲಿಗೆ ಲಿಂಬಿಹಣ್ಣ ಹಿಂಡಾಕತ್ತೀಯಲ್ಲ, ಮಂದಿ ನೋಡಿದ್ರ ಏನ್ ಅಂದಾರು? ಮಾಟ ಮಾಡ್ಸಾಕತ್ತಾರಂತ ಅಂತಾರ."

"ಆ ಮುದುಕ ಖರೆ ಕಲ್ಲು ಕೊಟ್ಟಾನೋ ಇಲ್ಲೋ ನೋಡಾಕತ್ತೇನಿ."

ಯಾವ ಕಲ್ಲೂ ನೊರೆಯಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು ಎನ್ನಬೇಕು.

ಕಾಕಾ ತೊಟ್ಟಿ ನೋಡಲು ಬಂದರು. ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ. ಚಪ್ಪಟೆ ಕಲ್ಲುಗಳನ್ನು ಜೋಡಿಸಿ ನಾನು ಗುಹೆಗಳನ್ನು ಮಾಡಿದ್ದೆ. ಒಂದು ಕಡೆ ಮುಚ್ಚಿದ, ಇನ್ನೊಂದು ಕಡೆ ಒಂದೇ ಬಾಯಿರುವ ಇಕ್ಕಟ್ಟಾದ ಗೂಡುಗಳು. ಗಂಡು ಮೀನು ಹೆಣ್ಣನ್ನು ಒಳಗೆ ಬಿಟ್ಟುಕೊಂಡು ತಾನು ಬಾಯಿಗೆ ಅಡ್ಡ ಮಲಗಬೇಕು, ತತ್ತಿ ಇಟ್ಟ ಮೇಲೆ ಅದೇ ಒಳಗೆ ಕೂತು ರೆಕ್ಕೆಯಿಂದ ಗಾಳಿ ಬೀಸಬೇಕು. ಗುಹೆ ಸಡಿಲವಾದರೆ ಹೆಣ್ಣು ನುಸುಳಿಕೊಂಡು ಹೋಗುತ್ತದೆ, ಬಿಗಿಯಾದರೆ ಒಳಗೇ ಹೋಗುವುದಿಲ್ಲ. ಕಾಕಾ ಕನ್ನಡಕ ಹಾಕಿಕೊಂಡು ಎಲ್ಲ ಗುಹೆಗಳನ್ನೂ ಬೆರಳಿನಿಂದ ಅಳೆದರು.

"ಎಲ್ಲಾ ಛಲೋ ಆಗ್ಯಾವ. ಆದ್ರ ಈ ಮೂಲಿದು ಇನ್ನೊಂದೀಟು ಅಗಲ ಮಾಡ್ರಿ. ದೊಡ್ಡ ಮೀನಕ್ಕ ಇಕ್ಕಟ್ಟ ಜಾಗಾ ಆಗಿಬರೂದಿಲ್ಲ. ಅದು ಎಡಕ್ಕ ಹೊಳ್ಳಿ ಮಲಗ್ತೈತಿ."

ಎಡಕ್ಕೆ ಹೊರಳಿ ಮಲಗುವುದು! ಮೂರೇ ವರ್ಷದ, ಮಾರಾಟಕ್ಕೆ ಇಟ್ಟ ಮರಿಗಳಲ್ಲಿ ಒಂದು ಯಾವ ಮಗ್ಗುಲಿಗೆ ಮಲಗುತ್ತದೆ ಎಂಬುದನ್ನು ಯಾರು ಗಮನಿಸುತ್ತಾರೆ? ಆ ಮಾತನ್ನು ನಾನು ಮನಸ್ಸಿನಲ್ಲಿ ತೆಗೆದಿಟ್ಟೆ. ಗುಹೆಯನ್ನೇನೋ ಅಗಲ ಮಾಡಿದೆ.

ಮೀನುಗಳು ಬಂದವು. ಅವುಗಳ ಜೊತೆಗೆ ಮನೆಯಲ್ಲಿ ಇನ್ನೊಂದು ತಕರಾರು ಬಂತು. ಇವು ಸೊಪ್ಪು ತಿಂದು ಬದುಕುವ ಮೀನಲ್ಲ, ಸಿಗಡಿಯ ಚೂರು, ಕೆಂಪು ಹುಳ ಬೇಕು. ನಮ್ಮದು ಮುಂಜಾನೆ ಲಿಂಗಪೂಜೆಯಾಗದೆ ಒಲೆ ಹಚ್ಚದ ಮನೆ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಸ್ಟೀಲಿನ ಡಬ್ಬಿಯೊಳಗೆ ಡಬ್ಬಿ ಇಟ್ಟು ಅವನ್ನು ಮುಚ್ಚಿಟ್ಟೆ. ಅವ್ವನ ಮೂಗಿನ ಮುಂದೆ ಅದು ನಡೆಯಲಿಲ್ಲ.

"ಫ್ರಿಜ್‌ನ್ಯಾಗ ಏನೈತಿ? ಖರೆ ಹೇಳು."

"ಮೀನಿನ ತಿಂಡಿ."

"ತಿಂಡಿ ಅಂದ್ರ?"

ನಾನು ಹೇಳಿದೆ. ಅವ್ವ ಕೂಗಾಡಲಿಲ್ಲ. ಫ್ರಿಜ್ಜಿನಲ್ಲಿದ್ದ ಹಾಲು, ಮೊಸರು, ಬೆಣ್ಣೆ ಎಲ್ಲ ಹೊರಗೆ ತೆಗೆದಳು. ಫ್ರಿಜ್ಜನ್ನು ನನಗೇ ಬಿಟ್ಟುಕೊಟ್ಟು ಹಳೆಯ ಕಾಲದಂತೆ ಹಾಲನ್ನು ನೀರಿನ ಬೋಗುಣಿಯಲ್ಲಿ ಇಡತೊಡಗಿದಳು. ಬೇಸಿಗೆಯಲ್ಲಿ ಮೂರು ಸಲ ಹಾಲು ಒಡೆದ ಮೇಲೆ ನಾನೇ ಸೋತು ಹಿಂದಿನ ಕೋಣೆಗೆ ಒಂದು ಸಣ್ಣ ಫ್ರಿಜ್ಜು ತಂದೆ. ಅಲ್ಲಿಂದ ಮುಂದೆ ಅವ್ವ ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಆದರೆ ಹೊಸ್ತಿಲ ಹತ್ತಿರ ನಿಂತು ಒಳಗೆ ನೋಡುತ್ತಿದ್ದಳು, ನಾನು ಅಡುಗೆಮನೆಯ ಚಮಚ ಒಯ್ದೆನೋ ಎಂದು.

ತಿಂಗಳುಗಳು ಹೋದವು. ಮೀನುಗಳು ಚೆನ್ನಾಗಿ ತಿಂದವು, ತಮ್ಮ ತಮ್ಮ ಗುಹೆ ಹಿಡಿದವು, ಅಷ್ಟೇ. ಐದರಲ್ಲಿ ದೊಡ್ಡದನ್ನು ನಾನು ಸುಲಭವಾಗಿ ಗುರುತಿಸುತ್ತಿದ್ದೆ. ಬಲಗಣ್ಣಿನ ಹಿಂದೆ ಅದರ ಪಟ್ಟೆಯೊಂದು ಹೊಲದ ದಾರಿಯಂತೆ ಕವಲೊಡೆದಿತ್ತು. ಈ ಜಾತಿಯಲ್ಲಿ ಯಾವ ಎರಡು ಮೀನಿನ ಪಟ್ಟೆಯೂ ಒಂದೇ ತೆರನಾಗಿ ಇರುವುದಿಲ್ಲ. ಅದು ಅಗಲ ಗುಹೆಯಲ್ಲೇ ಇರುತ್ತಿತ್ತು, ಎಡಕ್ಕೆ ಹೊರಳಿ.

ಗಂಡಿಗೆ ಕೆನ್ನೆಯ ಪಕ್ಕದಲ್ಲಿ ಮುಳ್ಳಿನಂಥ ಕೂದಲು ಇರುತ್ತದೆ, ತಲೆ ಅಗಲ. ಫೋಟೋ ತೆಗೆದು ಹಿಗ್ಗಿಸಿ ನೋಡಿದೆ. ನನ್ನ ಕಣ್ಣಿಗೆ ಐದೂ ಗಂಡಿನಂತೆಯೇ ಕಂಡವು. ಹುಬ್ಬಳ್ಳಿಯಲ್ಲಿ ಇಂಥ ಮೀನು ಸಾಕುವ ಪರಿಚಯದವರೊಬ್ಬರಿಗೆ ಕಳಿಸಿದೆ. "ಹೆಣ್ಣು ಇದ್ದಂಗ ಕಾಣೂದಿಲ್ರಿ. ಮಾರೋರು ಹೆಣ್ಣು ತಮ್ಮ ಹತ್ರ ಇಟ್ಕೊಂಡು ಬರೇ ಗಂಡು ಕೊಡ್ತಾರ. ಬ್ಯಾರೇ ಯಾರೂ ಮರಿ ಮಾಡಬಾರದು ನೋಡ್ರಿ" ಎಂದರು. ಅಗ್ಗದ ಬೆಲೆ, ಕೇಳದೆ ಬಂದ ಕಲ್ಲು, ಕರದಂಟು, ಎಲ್ಲ ಒಮ್ಮೆಲೇ ಕೂಡಿಬಂದವು.

ಅದರ ಮೇಲೆ ಕಾಕಾ ಪದೇ ಪದೇ ಬರತೊಡಗಿದರು. ಒಮ್ಮೆ ದವಾಖಾನೆಗೆ ಬಂದಿದ್ದೆ ಎನ್ನುವರು, ಒಮ್ಮೆ ತುಳಸಿಗೇರಿಯ ಹನುಮಪ್ಪನಿಗೆ ಹೋಗುವುದಿತ್ತು ಎನ್ನುವರು. ಇಳಕಲ್ಲಿನಿಂದ ಎರಡು ತಾಸಿನ ಮೇಲೆ ಬಸ್ಸಿನಲ್ಲಿ ಬಂದು, ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂಡುವರು. ಅವ್ವನಿಗೆ ಅವಳದೇ ಬೇರೆ ಅನುಮಾನ.

"ಆ ಮುದುಕ ಸುಮ್ನ ಕರದಂಟ ತರೂದಿಲ್ಲ. ಯಾವ್ದೋ ವರಾ ನೋಡ್ಯಾನ ನಿನಗ. ಮೀನ ಒಂದು ನೆವ."

"ಅವ್ವಾ, ನನಗ ನಲವತ್ತ ಆಗಾಕ ಬಂತು."

"ಅದಕ್ಕ ಆ ಮುದುಕನ್ನ ಕಳಿಸ್ಯಾರ. ವಯಸ್ಸಿನ ವರಾ ಇರಬೇಕು."

ಒಂದು ಸಲ ನಾನು ಚಹಾ ಮಾಡಿಕೊಂಡು ಬಂದಾಗ ಕಾಕಾನ ಅಂಗಿಯ ತೋಳು ಮೊಣಕೈಯವರೆಗೆ ಒದ್ದೆಯಾಗಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. "ಏನಿಲ್ಲ, ಗಾಜಿನ ನೀರ ತಾಗಿತು" ಎಂದರು. ಗಾಜಿನ ಹೊರಗೆ ನೀರು ಇರಲಿಲ್ಲ. ಅವರು ಹೋದ ತಕ್ಷಣ ಟಾರ್ಚು ಹಿಡಿದು ಎಣಿಸಿದೆ. ಐದೂ ಇದ್ದವು. ಆದರೆ ಅಗಲ ಗುಹೆಯ ಮುಂದಿನ ಕಲ್ಲು ಹೆಬ್ಬೆರಳಿನಷ್ಟು ಜರುಗಿತ್ತು. ಹಾಗಾದರೆ ಇವುಗಳಲ್ಲಿ ಹೆಣ್ಣೂ ಒಂದಿದ್ದು, ಒಳಗೆ ತತ್ತಿ ಇತ್ತೇ? ತೆಗೆದುಕೊಂಡು ಹೋದರೇ? ಅವರ ಚೀಲದಲ್ಲಿ ಒಂದು ಥರ್ಮಾಸು ಯಾವಾಗಲೂ ಇರುತ್ತಿತ್ತು. ಅದರಿಂದ ಅವರು ಏನನ್ನಾದರೂ ಕುಡಿದದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ಸಲ ಅವರು ಬಂದಾಗ ನಾನು ಫೋನನ್ನು ಫಿಲ್ಟರಿನ ಡಬ್ಬಿಗೆ ಆನಿಸಿ, ರೆಕಾರ್ಡಿಂಗ್ ಹಚ್ಚಿ ಚಹಾ ಮಾಡಲು ಹೋದೆ. ಬೇಕೆಂದೇ ಶುಂಠಿ ಹೆಚ್ಚುತ್ತ ತಡ ಮಾಡಿದೆ. ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದು, ಬಾಗಿಲು ಹಾಕಿಕೊಂಡು ನೋಡಿದೆ.

ಬಹಳ ಹೊತ್ತು ಕಾಕಾನ ಬೆನ್ನು ಬಿಟ್ಟರೆ ಏನೂ ಇಲ್ಲ. ಆಮೇಲೆ ಅವರು ಬಾಗಿಲ ಕಡೆ ತಿರುಗಿ ನೋಡಿದರು, ತೋಳು ಮಡಿಸಿದರು, ಅಗಲ ಗುಹೆಯ ಮುಂದೆ ಕೈ ಇಳಿಸಿ ತಳದ ಮೇಲೆ ಅಂಗೈ ಚಾಚಿ ಇಟ್ಟುಕೊಂಡರು. ಕವಲು ಪಟ್ಟೆಯ ಮೀನು ಹೊರಗೆ ಬಂತು. ನಾನು ತಿಂಗಳುಗಟ್ಟಲೆ ತಿಂಡಿ ಹಾಕಿದರೂ ನನ್ನ ನೆರಳು ಕಂಡರೆ ಒಳಗೆ ಓಡುವ ಮೀನು, ಬಂದು ಅವರ ಅಂಗೈಯ ಮೇಲೆ ಹತ್ತಿ ಬಾಯಿ ಅಂಟಿಸಿಕೊಂಡು ಕೂತಿತು. ಪಂಪಿನ ಸದ್ದಿನ ನಡುವೆ ಅವರ ದನಿ ಕೇಳಿತು: "ಬಾ ಮುದುಕಿ. ಇಲ್ಲೂ ನಿನಗ ಅಗಲ ಮನೀನ ಬೇಕಾತಿಲ್ಲೋ."

ನಾನು ಅಷ್ಟನ್ನೇ ಹಿಂದೆ ಮುಂದೆ ಮಾಡಿ ಕೇಳಿದೆ. ಮುದುಕಿ. ಅಂದರೆ ಅದು ಹೆಣ್ಣು. ಅಂದರೆ ಅದಕ್ಕೆ ಮೂರು ವರ್ಷವಲ್ಲ.

ಎರಡು ದಿನ ಬಿಟ್ಟು ಹುನಗುಂದದಲ್ಲಿ ಒಂದು ಸರ್ವೇ ಇತ್ತು. ಮುಗಿಸಿಕೊಂಡು, ಫೋನ್ ಮಾಡದೆ ನೇರ ಇಳಕಲ್ಲಿಗೆ ಹೋದೆ. ಕಾರ್ಖಾನೆಯಲ್ಲಿ ಅವರಿರಲಿಲ್ಲ. ಮೊದಲು ತೊಟ್ಟಿ ಇದ್ದ ಆಫೀಸು ಈಗ ಹೊಸ ಮಾಲೀಕನ ಎಸಿ ಕೋಣೆಯಾಗಿತ್ತು. ಮನೆಯ ಗುರುತು ಕೇಳಿಕೊಂಡು ಹೊರಟೆ. ಮಗ್ಗದ ಸದ್ದು ಕೇಳುವ ಓಣಿಯೊಂದರಲ್ಲಿ, ಮೊದಲ ಮಾಳಿಗೆಯ ಮೇಲೆ ಮಗನ ಮನೆ. ಸೊಸೆ ಬಾಗಿಲು ತೆಗೆದರು. ನವನಗರದಿಂದ ಬಂದೆ ಎಂದ ಕೂಡಲೇ ಅವರ ಮುಖ ಅರಳಿತು.

"ಮೀನಿನ ಅಕ್ಕಾರೇನ್ರಿ! ಬರ್ರಿ ಬರ್ರಿ. ಮಾವಾರು ಬಾಜೂಕ ಹೋಗ್ಯಾರ, ಈಗ ಬರ್ತಾರ."

ನಾನು ಮನೆಯೆಲ್ಲ ಕಣ್ಣಾಡಿಸುತ್ತ, ಸಹಜವಾಗಿ ಕೇಳಿದವಳಂತೆ, "ಉಳಿದ ಮೀನು ಎಲ್ಲಿ ಇಟ್ಟಾರ್ರಿ?" ಎಂದೆ.

"ಉಳಿದಾವು ಎಲ್ಲಿ ಅದಾವ್ರಿ? ಎಲ್ಲಾ ನಿಮಗ ಕೊಟ್ಟಾರಲ್ಲ. ಕೆಳಗಿನ ಮನಿ ಬಿಟ್ಟ ಮ್ಯಾಲ ಆಫೀಸಿಗೆ ಒಯ್ದಿದ್ರು. ಅಲ್ಲೂ ಜಾಗಾ ಬಿಡ್ರಿ ಅಂದ್ರು."

ಗೋಡೆಯ ಮೇಲೆ ಫೋಟೋಗಳಿದ್ದವು. ಒಂದರಲ್ಲಿ ಕಾಕಾ, ಮೀಸೆ ಇನ್ನೂ ಅರ್ಧ ಕಪ್ಪಾಗಿಯೇ ಇದ್ದ ಕಾಲದ್ದು, ತೊಡೆಯ ಮೇಲೆ ಹಲ್ಲು ಬರದ ಕೂಸೊಂದನ್ನು ಕೂರಿಸಿಕೊಂಡಿದ್ದರು. ಹಿಂದೆ ಉದ್ದನೆಯ ಗಾಜಿನ ತೊಟ್ಟಿ. ಕೂಸಿನ ಭುಜದ ಪಕ್ಕ, ಗಾಜಿಗೆ ಅಂಟಿಕೊಂಡ ಒಂದು ಮೀನು. ನಾನು ಎದ್ದು ಹತ್ತಿರ ಹೋದೆ. ಬಲಗಣ್ಣಿನ ಹಿಂದೆ ಪಟ್ಟೆ ಕವಲೊಡೆದಿತ್ತು. ಆಗಲೇ ಪೂರ್ತಿ ಬೆಳೆದ ಮೀನು.

"ಈ ಕೂಸು ಯಾರ್ರಿ?"

"ನನ್ನ ಮಗಳ್ರಿ" ಎಂದು ಸೊಸೆ ಒಳಗಿನ ಕೋಣೆಯತ್ತ ಕೈ ಮಾಡಿದರು. ಅಲ್ಲಿ ಹೈಸ್ಕೂಲಿನ ಯೂನಿಫಾರ್ಮಿನಲ್ಲಿ ಒಬ್ಬಳು ಹುಡುಗಿ ಕನ್ನಡಿಯ ಮುಂದೆ ಜಡೆ ಬಿಚ್ಚುತ್ತಿದ್ದಳು.

ಕಾಕಾ ಮೆಟ್ಟಿಲು ಹತ್ತಿ ಬಂದರು. ನಾನು ಫೋಟೋದ ಮುಂದೆ ನಿಂತಿದ್ದನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತರು.

"ಮೂರು ವರ್ಷದ ಮರಿ ಅಂದಿದ್ರಲ್ರಿ ಕಾಕಾರ?"

ಅವರು ಸೊಸೆಗೆ ಚಹಾ ಇಡಲು ಹೇಳಿ ಒಳಗೆ ಕಳಿಸಿದರು. ಆಮೇಲೆ ಕುಳಿತು, ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಸುಳ್ಳ ಹೇಳೇನಿ. ಐದೂ ಮುದುಕವ. ಹೊರಗಿಂದ ತರ್ಸಿದ್ದು, ನಮ್ಮ ಮನ್ಯಾಗ ಹುಟ್ಟಿದ್ದಲ್ಲ. ಒಂದ ಹೆಣ್ಣು, ಆ ಫೋಟೋದಾಗಿನ ಅಕೀ."

"ಯಾಕ ಸುಳ್ಳ ಹೇಳಿದ್ರಿ?"

"ಮುದಿ ಮೀನ ಯಾರ್ ತಗೋತಾರ ತಂಗಿ? ವಯಸ್ಸ ಖರೆ ಹೇಳಿದ್ರ ನೀವು ಅಂಥಾ ಟಾಕಿ ಕಟ್ಟತಿದ್ರೇನು? ನನ್ನ ಕೈಯಾಗ ಬಕೀಟ ನಿಲ್ಲೂದಿಲ್ಲ. ಮಗ ಈ ಮಾಳಗಿ ತೂಕ ತಡಿಯೂದಿಲ್ಲ ಅಂತಾನ. ಮೊದ್ಲ ಮರಿ ಮಾಡಿದಾಗ ಮಂದಿಗೆ ಹಂಚಿದೆ. ಎಲ್ಲಾರೂ ಗಾಜಿನ ಡಬ್ಬಿಯೊಳಗ ಇಟ್ಟು ಕೊಂದ್ರು. ನೀವು ಕೇಳಿದ್ದಕ್ಕ ಸರೀಗೆ ಉತ್ತರಾ ಹೇಳಿದ್ರಿ. ಆಸೆ ಹಚ್ಚಿದ್ರ ಕಟ್ಟತೀರಿ ಅನ್ನಿಸ್ತು."

"ಥರ್ಮಾಸಿನ್ಯಾಗ ಏನೈತ್ರಿ?"

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಚೀಲದಿಂದ ತೆಗೆದು ಮುಚ್ಚಳ ಬಿಚ್ಚಿ ನನ್ನ ಕೈಗೇ ಕೊಟ್ಟರು. ಬಿಸಿನೀರು. ಮಾತ್ರೆ ನುಂಗುವುದಕ್ಕೆ.

ನನಗೆ ಸಿಟ್ಟು ಇಳಿಯಲಿಲ್ಲ. ನೆಲ ಅಗೆಸಿದ್ದು, ಅವ್ವ ಹಾಲನ್ನು ಬೋಗುಣಿಯಲ್ಲಿ ಇಟ್ಟದ್ದು, ಎಲ್ಲ ಒಂದು ಸುಳ್ಳಿನ ಮೇಲೆ. "ಮೀನ ವಾಪಸ್ ಕಳಸ್ತೇನಿ" ಎಂದೆ. ಅವರು ಮನೆಯನ್ನು ಒಮ್ಮೆ ಸುತ್ತ ನೋಡಿದರು. "ಎಲ್ಲಿ ಇಡ್ಲಿ?" ಎಂದರು. ನಾನು ಚಹಾ ಕುಡಿಯದೆ ಇಳಿದು ಬಂದೆ. ಇನ್ನು ಮನೆಗೆ ಬರಬೇಡಿ ಎಂದು ಮೆಟ್ಟಿಲಲ್ಲೇ ಹೇಳಿದೆ. ಅವರು ಬರಲಿಲ್ಲ.

ಮನೆಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಅವರು ಜರುಗಿಸಿದ್ದ ಕಲ್ಲನ್ನು ಮೊದಲಿನ ಜಾಗಕ್ಕೆ ದೂಡಿದ್ದು. ಆಮೇಲೆ ಅದೂ ಒಂದು ಅನುಮಾನವಾಗಿ ಕೊರೆಯಿತು. ಯಾಕೆ ಜರುಗಿಸಿದರು? ಮೀನಿಗೆ ಹಾಕುವ ನೀಲಿ ಔಷಧಿಯ ಒಂದು ಹನಿಯನ್ನು ಪಂಪಿನ ಬಾಯಿಗೆ ಬಿಟ್ಟೆ. ನೀಲಿ ಗೆರೆ ತಳದುದ್ದಕ್ಕೂ ಹರಿದು, ಅಗಲ ಗುಹೆಯ ಬಾಯಿಯನ್ನು ತಾಗದೆ ಮೇಲಿಂದ ಹಾದುಹೋಯಿತು. ಗುಹೆಯೊಳಗೆ ನೀರು ನಿಂತೇ ಇತ್ತು. ಕಲ್ಲನ್ನು ಕಾಕಾ ಇಟ್ಟಿದ್ದ ಜಾಗಕ್ಕೆ ಸರಿಸಿ ಇನ್ನೊಂದು ಹನಿ ಬಿಟ್ಟೆ. ನೀಲಿ ಗೆರೆ ಬಾಗಿ ಗುಹೆಯೊಳಗೆ ಸುತ್ತಿಕೊಂಡು ಹೊರಗೆ ಬಂತು. ಆ ಮುದುಕರ ಮಾತಿನಲ್ಲಿ ಸುಳ್ಳಿತ್ತು, ಕೈಯಲ್ಲಿರಲಿಲ್ಲ. ಕಲ್ಲನ್ನು ಅಲ್ಲೇ ಬಿಟ್ಟೆ. ಉಳಿದ ಗುಹೆಗಳಿಗೂ ಹಾಗೆಯೇ ಬಣ್ಣ ಬಿಟ್ಟು ನೋಡಿ, ಎರಡನ್ನು ಬಿಚ್ಚಿ ಮತ್ತೆ ಕಟ್ಟಿದೆ.

ಮಳೆಗಾಲ ಹತ್ತಿರ ಬರುತ್ತಿತ್ತು. ಮುದುಕಿ ತತ್ತಿ ಇಡುತ್ತದೆ ಎಂಬ ನಂಬಿಕೆ ನನಗಿರಲಿಲ್ಲ. ಆದರೂ ಇಷ್ಟು ಕಟ್ಟಿದ ಮೇಲೆ ಒಂದು ಸಲ ಪೂರ್ತಿ ಪರೀಕ್ಷೆ ಮಾಡದೆ ಫೈಲು ಮುಚ್ಚುವುದು ನನ್ನ ಜಾಯಮಾನವಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಂತೆ ತೊಟ್ಟಿಯ ನೀರನ್ನು ಕಡಿಮೆ ಮಾಡಿದೆ, ಬದಲಾಯಿಸುವುದನ್ನು ನಿಲ್ಲಿಸಿದೆ, ಹೀಟರು ಏರಿಸಿದೆ. ಮೊದಲ ದೊಡ್ಡ ಮಳೆ ಬಿದ್ದು ಮಾಳಿಗೆ ತೊಳೆದುಹೋದ ಮೇಲೆ ಎರಡನೆಯ ಮಳೆಯ ನೀರನ್ನು ಡ್ರಮ್ಮಿಗೆ ಹಿಡಿದು, ದಿನಾ ಮುಂಜಾನೆ ತಣ್ಣಗಿನ ಆ ನೀರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟೆ. ಪಂಪುಗಳನ್ನು ಜೋರು ಮಾಡಿದೆ. ಹೊಳೆ ಬಂತು ಎಂದು ಆ ಮೀನುಗಳಿಗೆ ಅನ್ನಿಸಬೇಕು.

ಒಂದು ಮುಂಜಾನೆ ಮುದುಕಿ ಕಾಣಲಿಲ್ಲ. ಅಗಲ ಗುಹೆಯ ಬಾಯಿಗೆ ಒಂದು ಗಂಡು ಅಡ್ಡ ಮಲಗಿತ್ತು, ಮುಳ್ಳು ಬಿಚ್ಚಿಕೊಂಡು. ಮರುದಿನವೂ ಹಾಗೆಯೇ. ಕೊಂದು ಹಾಕಿತೇನೋ ಎಂದು ನನಗೆ ದಿಗಿಲಾಯಿತು. ಮೂರನೆಯ ದಿನ ಮುದುಕಿ ಹೊರಗಿತ್ತು, ಹೊಟ್ಟೆ ಬತ್ತಿ, ಬಾಲದ ತುದಿ ಹರಿದು. ಗಂಡು ಒಳಗಿತ್ತು. ಟಾರ್ಚಿಗೆ ಬಟ್ಟೆ ಸುತ್ತಿ ಹಿಡಿದೆ. ಅದರ ಹೊಟ್ಟೆಯ ಕೆಳಗೆ ಕಡಲೆಕಾಳಿನ ಬಣ್ಣದ ತತ್ತಿಗಳ ಸಣ್ಣ ಗೊಂಚಲು.

ನಾನು ಹೊರಗೆ ಬಂದು ಅವ್ವನ ಪಕ್ಕ ಕಟ್ಟೆಯ ಮೇಲೆ ಕೂತೆ. ಏನಾಯಿತು ಎಂದು ಅವಳು ಕೇಳಿದಾಗ ಹೇಳಿದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ, "ಆ ಮುದುಕಗ ಹೇಳಿಲ್ಲೇನು?" ಎಂದಳು.

"ಅವ ಸುಳ್ಳ ಹೇಳ್ಯಾನವ್ವಾ."

"ಹೇಳ್ಯಾನ. ಆದ್ರೂ ಅಕೀನ ಸಾಕಿದಾಂವ ಅವ ಅಲ್ಲೇನು?"

ಫೋನ್ ಮಾಡಿದೆ. "ಮುದುಕಿ ತತ್ತಿ ಇಟ್ಟಾಳ್ರಿ" ಎಂದೆ. "ಬೆಳಕ ಹಿಡೀಬ್ಯಾಡ್ರಿ ತಂಗಿ. ಗಂಡು ಸಿಟ್ಟಿಗೆದ್ದು ತತ್ತಿ ಹೊರಗ ದಬ್ಬತೈತಿ" ಎಂದರು. ಬರಲೇ ಎಂದು ಅವರು ಕೇಳಲಿಲ್ಲ. "ನಾಳೆ ಬರ್ರಿ" ಎಂದೆ.

ಅವರು ಬಂದಾಗ ಅವ್ವನೇ ಬಾಗಿಲು ತೆಗೆದಳು. ಕರದಂಟಿನ ಪೊಟ್ಟಣ ಇಸಿದುಕೊಂಡು ಮುಖಕ್ಕೆ ಮುಖ ಕೊಟ್ಟು ಕೇಳಿಯೇಬಿಟ್ಟಳು: "ನೀವು ನಮ್ಮ ಹುಡುಗಿಗೆ ವರಾ ನೋಡಾಕ ಬರ್ತೀರೋ, ಖರೇನ ಮೀನ ನೋಡಾಕ ಬರ್ತೀರೋ?"

ಕಾಕಾ ತಬ್ಬಿಬ್ಬಾದರು. "ಮೀನ ನೋಡಾಕ್ರಿ ಅಕ್ಕಾರ."

"ಮತ್ತ ಸರಿ" ಎಂದಳು ಅವ್ವ. ಅವಳ ದನಿಯಲ್ಲಿ ಸಮಾಧಾನವಿತ್ತೋ ನಿರಾಸೆಯಿತ್ತೋ ನನಗೆ ತಿಳಿಯಲಿಲ್ಲ.

ಎಲ್ಲ ತತ್ತಿಗಳೂ ಉಳಿಯಲಿಲ್ಲ. ಕೆಲವಕ್ಕೆ ಬೂಸ್ಟು ಹತ್ತಿತು, ಕೆಲವನ್ನು ಗಂಡು ಹೊರಗೆ ದಬ್ಬಿತು. ಒಡೆದು ಬಂದ ಮರಿಗಳು ಹೊಟ್ಟೆಗೆ ಹಳದಿ ಚೀಲ ಕಟ್ಟಿಕೊಂಡು ಗುಹೆಯ ಗೋಡೆಗೆ ಅಂಟಿದ್ದವು. ಚೀಲ ಕರಗಿ ಅವುಗಳ ಮೈಮೇಲೆ ಪಟ್ಟೆ ಮೂಡಿದಾಗ ಒಂದು ಕೈಯ ಬೆರಳುಗಳಿಗಿಂತ ಸ್ವಲ್ಪ ಹೆಚ್ಚು ಉಳಿದಿದ್ದವು. ಅವ್ವ ಅದೊಂದು ದಿನ ಮಾತ್ರ ಹೊಸ್ತಿಲು ದಾಟಿ ಒಳಗೆ ಬಂದಳು, ಸೆರಗಿನಿಂದ ಮೂಗು ಮುಚ್ಚಿಕೊಂಡು. ಮುದುಕಿ ಮತ್ತೆ ತತ್ತಿ ಇಡಲಿಲ್ಲ. ಈಗಲೂ ಅಗಲ ಗುಹೆಯಲ್ಲೇ ಇದೆ, ನನ್ನ ಕೈಗೆ ಇನ್ನೂ ಬಂದಿಲ್ಲ.

ಮರಿಗಳು ಬೆರಳುದ್ದ ಆದ ಮೇಲೆ ಎರಡನ್ನು ಇಳಕಲ್ಲಿಗೆ ಒಯ್ದೆ. ಜೊತೆಗೆ ಒಂದು ಸಣ್ಣ ತೊಟ್ಟಿ. ಮಾಳಿಗೆ ತೂಕ ತಡೆಯುವುದಿಲ್ಲ ಎಂದು ಮಗ ಆಗಲೂ ಅಂದ. ನಾನು ಟೇಪು ತೆಗೆದು ಗೋಡೆ ಅಳೆದೆ, ಕೆಳಗಿನ ಮನೆಗೆ ಹೋಗಿ ತೊಲೆ ಎಲ್ಲಿ ಹಾದಿದೆ ಎಂದು ನೋಡಿದೆ, ಅದರ ಮೇಲಕ್ಕೆ ಬರುವ ಮೂಲೆಗೆ ಸೀಮೆಸುಣ್ಣದ ಗೆರೆ ಹಾಕಿದೆ. ನೀರು ತುಂಬಿಸತೊಡಗಿದಾಗ ಕಾಕಾ ಗೋಡೆಗೆ ಅಂಗೈ ಒತ್ತಿ ಹಿಡಿದು ನಿಂತರು.

"ನಿಮಗ ಖರೇ ಗೊತ್ತೈತೇನು ತಂಗಿ? ಸೀಳೂದಿಲ್ಲಲ್ಲ?"

"ಸೀಳೂದಿಲ್ರಿ."

"ನೀವು ನೋಡೂದು ಗಾಡಿ. ಇದು ಮನಿ."

ಮೊಮ್ಮಗಳು ಪೈಪು ಹಿಡಿದು ನಗುತ್ತಿದ್ದಳು. ಅರ್ಧ ತುಂಬಿದ ಮೇಲೆ ಕಾಕಾ ನೀರು ನಿಲ್ಲಿಸಿ ಎಂದರು, ಕೆಳಗೆ ಹೋಗಿ ತೊಲೆಯನ್ನು ತಾವೇ ನೋಡಿ ಬಂದರು, ಆಮೇಲೆ ಉಳಿದರ್ಧಕ್ಕೆ ಒಪ್ಪಿದರು.